ಬೀದರಿನ ಮಾಟಗಾತಿಯರು ಕೊಲೆಗಾರನನ್ನು ಹುಡುಕುವ ಕಥೆ: ಬರೆಯಬಹುದಾ, ಬೇಡವಾ?

ಓಣಿಯ ಹುಡುಗಿ:
ಒಂದು ಕಾದಂಬರಿ ಶುರು ಮಾಡಿದ್ದೇನೆ. ಈಗಿನ ಬೀದರ್. ಹಳೇ ಊರಿನ ಒಂದು ಮನೆ. ಅಜ್ಜಿ ಬಿದ್ರಿ ಕೆಲಸದವಳು (ಕಪ್ಪು ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಕೆಲಸ), ಮಗಳು ನರ್ಸ್, ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಮೂವರಿಗೂ ಮಾಟ ಗೊತ್ತು. ನೌಬಾದಿನ ಸುರಂಗ ಬಾವಿ ಹತ್ತಿರ ಒಂದರ ಹಿಂದೆ ಒಂದು ಹೆಣ ಸಿಗುತ್ತದೆ. ಕೊಲೆಗಾರನನ್ನು ಇವರೇ ಹಿಡಿಯಬೇಕು. ಓದಿದ ಗೆಳತಿ, "ನಮ್ಮ ಕಡೆ ಮಾಟಗಾತಿಯನ್ನು ನಾಯಕಿ ಮಾಡಬೇಡ" ಅಂದಳು. ನೀವೇನು ಹೇಳ್ತೀರಿ?

ಆಳಂದ ಮಾಸ್ತರ್:
ನಿಮ್ಮ ಗೆಳತಿ ಸರಿಯಾಗೇ ಹೇಳಿದ್ದಾರೆ ತಾಯಿ. ಬೀದರ್, ಕಲಬುರಗಿ ಕಡೆಯವರಿಗೆ ಬಾನಾಮತಿ, ಅಂದರೆ ಈ ಮಾಟ, ಏನು ಅಂತ ಬಿಡಿಸಿ ಹೇಳಬೇಕಾ? ಮನೆ ಮೇಲೆ ಕಲ್ಲು ಬಿತ್ತು, ಸೊಸೆ ನಾಯಿ ಥರ ಬೊಗಳಿದಳು, ತಕ್ಷಣ ಊರು ಯಾರದೋ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಗಡಿಯಾಚೆ ತೆಲಂಗಾಣದ ಮೇದಕ್ ಕಡೆ, ಮಂತ್ರ ಸರಿಯಾಗಿ ಹೇಳಲು ಬರಬಾರದು ಅಂತ ಸಂಶಯ ಬಂದವರ ಹಲ್ಲು ಉದುರಿಸಿದ್ದೂ ಇದೆ. ಇಂಥ ಕಡೆ ನೀವು "ಹೌದು, ಇವರಿಗೆ ಮಾಟ ಬರುತ್ತೆ" ಅಂತ ಬರೆದರೆ, ಕಲ್ಲು ಎತ್ತಿಕೊಂಡವನಿಗೆ ಬಲ ಕೊಟ್ಟ ಹಾಗೆ. ಇದಕ್ಕೆಲ್ಲ ತಡೆ ಹಾಕಲು ಕರ್ನಾಟಕದಲ್ಲಿ ಮಾಡಿದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾಯ್ದೆ ಬಂದರೂ ಭಯ ಹೋಗಿಲ್ಲ.

ಚೌಬಾರಾ ಚಾಯ್:
ಮಾಸ್ತರ್ರೇ, ಹಾಗಂತ ಬರೆಯದೇ ಇದ್ದರೆ ಆ ಹೆಂಗಸರ ಕಥೆ ಹೇಳುವವರು ಯಾರು? ಇಷ್ಟು ದಿನ ಹೇಳಿದ್ದೆಲ್ಲ ಅಂಜಿದವರೇ. ಒಂದು ಸಲ ಆ ಮನೆ ಒಳಗಿಂದ ಹೇಳಲಿ ಬಿಡಿ.

ಸೇಡಂ ಓದುಗ:
ನನ್ನ ತಕರಾರು ಬೇರೆ. ಮಾಟ ಬರುತ್ತೆ ಅಂದ ಮೇಲೆ ನಿಂಬೆಹಣ್ಣು ಕುಯ್ದು ಕೊಲೆಗಾರನ ಹೆಸರು ಹೇಳಿಬಿಡಬಹುದಲ್ವಾ? ಹತ್ತನೇ ಪುಟಕ್ಕೆ ಕಥೆ ಮುಗೀತು. ಪತ್ತೇದಾರಿ ಅಂದರೆ ಓದುವವನಿಗೂ ಸುಳಿವು ಸಿಗಬೇಕು. ಮಾಟದಿಂದ ಏನು ಆಗುತ್ತೆ, ಏನು ಆಗಲ್ಲ ಅನ್ನೋದು ಮೊದಲ ಅಧ್ಯಾಯದಲ್ಲೇ ಗೊತ್ತಾಗಬೇಕು.

ಕರಿ ಬೆಳ್ಳಿ:
ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ಇದೆ, ಅದಕ್ಕೇ ಹೇಳ್ತೀನಿ. ಮಾಟದ ಕಟ್ಟುಪಾಡು ಹೊರಗೆ ಹುಡುಕಬೇಡಿ ಅಕ್ಕಾ, ಅಜ್ಜಿಯ ಕೈಯಲ್ಲೇ ಇದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೇಲೆ ಮೈಲುತುತ್ತದ ನೀರು ಬಳಿದರೆ ಕಪ್ಪಾಗುತ್ತದೆ. ಚಿತ್ರ ಕೊರೆಯುವಾಗ ಗೆರೆ ಕಾಣಲಿ ಅಂತ ಮಾತ್ರ ಈ ಕಪ್ಪು. ಬೆಳ್ಳಿ ತಂತಿ ಕೂರಿಸಿ ಉಜ್ಜಿದರೆ ಹೊರಟು ಹೋಗುತ್ತದೆ. ಕೊನೆಗೆ ಕೋಟೆ ಮಣ್ಣು, ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಆಗ ಬರುವ ಕಪ್ಪು ಹೋಗಲ್ಲ. ಬೆಳ್ಳಿಗೆ ಮಾತ್ರ ಏನೂ ಆಗಲ್ಲ, ಹೊಳೀತಾನೇ ಇರುತ್ತೆ.

ಈಗ ನೋಡಿ. ಊರು ಹಚ್ಚಿದ ಕಪ್ಪು, ಮಾಡಿದ ಪಾಪದ ಕಪ್ಪು, ಎರಡೂ ಮೊದಲಿಗೆ ಒಂದೇ ಥರ ಕಾಣಲಿ. ಸಂಶಯ ಇದ್ದವನು ಮುಟ್ಟಿದ ತಟ್ಟೆ ಅಜ್ಜಿಗೆ ಬೇಕು. ಅದನ್ನು ತರೋದು ಮಗಳು, ಮೊಮ್ಮಗಳ ಕೆಲಸ. ಉಜ್ಜಿದಾಗ ಕಪ್ಪು ಹೋದರೆ ಆತ ನಿರಪರಾಧಿ. ಅಜ್ಜಿ ಹೆಸರು ಹೇಳಲ್ಲ, ಹೌದು ಅಥವಾ ಅಲ್ಲ ಅಷ್ಟೇ.

ಇನ್ನೊಂದು. ಮಣ್ಣು ಸರಿಯಾಗಿದೆಯಾ ಅಂತ ಕೆಲಸದವರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಮಾಸ್ತರ್ ಹಲ್ಲಿನ ಮಾತು ಹೇಳಿದರಲ್ಲ, ನಿಮ್ಮ ಅಜ್ಜಿಗೆ ಹಲ್ಲಿಲ್ಲ ಅನ್ನಿ. ವಯಸ್ಸಾಗಿ ಹೋಗಿದ್ದಲ್ಲ. ಮಂತ್ರ ಹೋಯಿತು ಅಂತ ಊರು ನಿಶ್ಚಿಂತೆಯಾಗಿದೆ. ಆದರೆ ಅವಳ ವಿದ್ಯೆ ಬಾಯಿ ಮಾತಿನಲ್ಲಿ ಯಾವತ್ತೂ ಇರಲೇ ಇಲ್ಲ.

ಸೇಡಂ ಓದುಗ:
ಇದು ಒಪ್ಪಿಗೆ! ಸುರಂಗ ಬಾವಿಯನ್ನೂ ಸುಮ್ನೆ ಹಿನ್ನೆಲೆಗೆ ಬಿಡಬೇಡಿ. ಬಹಮನಿ ಕಾಲದಲ್ಲಿ ನೆಲದಡಿ ಕಾಲುವೆ ತೋಡಿ, ಮೇಲೆ ಸಾಲಾಗಿ ಬಾವಿಯಂಥ ಬಾಯಿಗಳನ್ನು ತೆರೆದಿದ್ದಾರೆ. ನೀರು ಇಳಿಜಾರಿಗೆ ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಮೇಲಿನ ಬಾಯಲ್ಲಿ ಬಿದ್ದ ಚಪ್ಪಲಿ ಕೆಳಗಿನ ಬಾಯಲ್ಲಿ ಸಿಕ್ಕರೆ, ಪೊಲೀಸರು ಹುಡುಕುವ ಜಾಗವೇ ತಪ್ಪು. ನೀರಿನ ದಾರಿ ಗೊತ್ತಿದ್ದ ಮೊಮ್ಮಗಳು ಹಿಡಿಯುತ್ತಾಳೆ. ಅದಕ್ಕೆ ಮಾಟವೂ ಬೇಡ.

ಓಣಿಯ ಹುಡುಗಿ:
ಕರಿ ಬೆಳ್ಳಿ, ಅಜ್ಜಿಯ ಹಲ್ಲಿನ ಮಾತು ಓದಿ ಮೈ ಜುಂ ಅಂತು. ಕೊಲೆಗಾರ ಆ ಹಳೇ ಅಪವಾದವನ್ನೇ ಬಳಸುತ್ತಾನೆ ಅಂದುಕೊಂಡಿದ್ದೇನೆ. ಪ್ರತಿ ಹೆಣದ ಹತ್ತಿರ ನಿಂಬೆಹಣ್ಣು, ಕುಂಕುಮ. ಜನ ತಾವಾಗೇ ಅಜ್ಜಿ ಮನೆ ಕಡೆ ನೋಡುತ್ತಾರೆ. ಮಾಸ್ತರ್ರೇ, ಈಗಲಾದರೂ ಒಪ್ತೀರಾ?

ಆಳಂದ ಮಾಸ್ತರ್:
ಅರ್ಧ ಒಪ್ಪಿದೆ. ನಿಂಬೆಹಣ್ಣು ಇಟ್ಟವನು ಒಬ್ಬ. ಅದನ್ನು ನೋಡಿ ಅಜ್ಜಿ ಮನೆಗೆ ನಡೆದವರು ನೂರು ಮಂದಿ. ಹಲ್ಲು ಉದುರಿಸಿದವರೂ ಅದೇ ಓಣಿಯಲ್ಲಿ ಇನ್ನೂ ಇರುತ್ತಾರೆ. ಅಂಗಡಿ ಇಟ್ಟಿರುತ್ತಾರೆ, ಮದುವೆಗೆ ಕರೆಯುತ್ತಾರೆ. ಅವರನ್ನು ಬರೀ "ಗುಂಪು" ಅಂತ ಬರೆದು ದಾಟಿಸಬೇಡಿ. ಒಬ್ಬೊಬ್ಬರಿಗೂ ಹೆಸರಿಡಿ, ಒಬ್ಬೊಬ್ಬರ ತಟ್ಟೆಯನ್ನೂ ಅಜ್ಜಿ ಉಜ್ಜಲಿ. ಅಂಥ ಅಧ್ಯಾಯ ಬರೆದರೆ ಕಳಿಸಿ, ನಮ್ಮ ಶಾಲೆಯ ದೊಡ್ಡ ಮಕ್ಕಳಿಗೆ ನಾನೇ ಓದಿ ಹೇಳುತ್ತೇನೆ.