ಅಪ್‌ಡೇಟ್: ಅಮ್ಮನ ಜೊತೆ ಕಣ್ಣೂರಿಗೆ ಹೋಗಿ ಬಂದೆ

ಕಾಸರಗೋಡಿನಿಂದ ಬೆಳಗ್ಗೆ ಹೊರಟು ರಾತ್ರಿಯೊಳಗೆ ಅಮ್ಮನಿಗೆ ಕಣ್ಣೂರು ತೋರಿಸಿ ಬರಬಹುದಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆವು. ರೈಲಿನಲ್ಲೇ ಹೋಗಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಮೊದಲು ಸೇಂಟ್ ಆಂಜೆಲೊ ಕೋಟೆ. 1505ರಲ್ಲಿ ಪೋರ್ಚುಗೀಸರು ಕಟ್ಟಿದ್ದು, ಆಮೇಲೆ ಡಚ್ಚರ ಕೈಗೆ ಹೋಯಿತು. ನಮ್ಮ ಬೇಕಲ ಕೋಟೆಯ ಹಾಗೆ ಇದೂ ಮುರಕಲ್ಲಿನದು (ಕೆಂಪು ಜಂಬಿಟ್ಟಿಗೆ ಕಲ್ಲು). ಅಮ್ಮ ಗೋಡೆ ಸವರಿ, "ನಮ್ಮ ಬಾವಿಕಟ್ಟೆಯ ಕಲ್ಲೇ ಇದು" ಅಂದರು. ಕಲ್ಲಿನ ತೂತುಗಳಲ್ಲಿ ಸಣ್ಣ ಜರಿಗಿಡ ಹುಟ್ಟಿತ್ತು. ಪಕ್ಕದಲ್ಲೇ ಮೀನಿನ ದೋಣಿಗಳು. ಸುಮ್ನೆ ಒಂದು ಗಂಟೆ ಕೂತೆವು.

ಅರಕ್ಕಲ್ ಮ್ಯೂಸಿಯಂ ಚಿಕ್ಕದು, ಆದರೆ ಬಿಡಬೇಡಿ. ಕೇರಳದ ಒಂದೇ ಮುಸ್ಲಿಂ ರಾಜಮನೆತನ ಅವರದು. ಮನೆಯ ಹಿರಿಯರು ಹೆಣ್ಣಾದರೂ ಪಟ್ಟ ಅವರಿಗೇ. ಹಾಗೆ ಆಳಿದ ಹೆಂಗಸರಿಗೆ ಅರಕ್ಕಲ್ ಬೀವಿ ಅಂತ ಬಿರುದು. ಅಮ್ಮನಿಗೆ ಇದೇ ಜಾಸ್ತಿ ಹಿಡಿಸಿತು.

ಸಂಜೆ ಪಯ್ಯಾಂಬಲಂ ಬೀಚ್. ಮುಳಪ್ಪಿಲಂಗಾಡ್ ಬೀಚ್‌ಗೆ ಹೋಗಲು ಹೊತ್ತು ಸಾಲಲಿಲ್ಲ.