ಟೋಕಿಯೋದಿಂದ ಫುಜಿಗೆ ಒನ್ ಡೇ ಬಸ್ ಟೂರ್, ಅಪ್ಪ ಅಮ್ಮನ್ನ ಕರ್ಕೊಂಡ್ ಹೋಗ್ಬೋದಾ?

ಕಾಫಿಪುಡಿ: ಜೂನ್ ಮೂರನೇ ವಾರ ಅಪ್ಪ ಅಮ್ಮ ಟೋಕಿಯೋಗೆ ಬರ್ತಿದಾರೆ, ಫುಜಿ ನೋಡ್ಲೇಬೇಕು ಅಂತ ಅಮ್ಮಂದು ಒಂದೇ ಹಠ. ಶಿಂಜುಕುದಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬಿಡೋ ಗೈಡೆಡ್ ಟೂರ್ ಒಂದಿದೆ, ಅರಕುರಾಯಾಮ ಪಗೋಡ, ಓಶಿನೋ ಹಕ್ಕಾಯ್, ಕವಗುಚಿ ಕೆರೆ, ಬೆಟ್ಟದ್ ಅರ್ಧದವರೆಗೆ ಬಸ್ ಹೋಗಿ ನಿಲ್ಲೋ ಐದನೇ ಸ್ಟೇಷನ್ ಎಲ್ಲಾ ಒಂದೇ ದಿನ ಅಂತೆ. ಅಪ್ಪಂಗೆ 68, ಮಂಡಿ ನೋವು ಬೇರೆ. ಮೀನು ಮೊಟ್ಟೆ ಇಬ್ರೂ ಮುಟ್ಟಲ್ಲ. ಹೋಗಿ ಬಂದೋರು ಯಾರಾದ್ರೂ ಇದ್ರೆ ಹೇಳ್ರಪ್ಪ.

ಮಲ್ನಾಡ್ ಮಂದಿ: ಜೂನ್ ಅಂದ್ರೆ ಅಲ್ಲಿ ಮಳೆಗಾಲ ಗುರು, ಜುಲೈಲಿ ಮುಳ್ಳಯ್ಯನಗಿರಿಗೆ ಹೋದಂಗೆ, ಬೆಟ್ಟದ್ ಎದ್ರಿಗೇ ನಿಂತಿರ್ತೀಯ ಬೆಟ್ಟ ಮಾತ್ರ ಇರಲ್ಲ. ನಾವು ಇಂಥದ್ದೇ ಟೂರಲ್ಲಿ ಹೋದಾಗ ಕೆರೆ ದಡಕ್ಕೆ ಬಂದ್ರೂ ಬರೀ ಮೋಡ, ಪಾಪ ಗೈಡಮ್ಮ ಬ್ಯಾಗಿಂದ ಲ್ಯಾಮಿನೇಟ್ ಮಾಡ್ಸಿದ್ದ ಫುಜಿ ಫೋಟೋ ತೆಗ್ದು ಬಸ್ ಕಿಟಕಿಗೆ ಹಿಡಿದು "ಕರೆಕ್ಟಾಗಿ ಇಲ್ಲಿದೆ" ಅಂದ್ಳು. ನಮ್ಮತ್ತೆ ಆ ಫೋಟೋದೇ ಫೋಟೋ ಹೊಡ್ಕೊಂಡ್ರು. ಬೆಟ್ಟ ಕಾಣ್ಲಿಲ್ಲ ಅಂತ ದುಡ್ಡೇನ್ ವಾಪಸ್ ಕೊಡಲ್ಲ. ಡಿಸೆಂಬರ್ ಜನವರಿ ಆದ್ರೆ ಚಳಿ ಇರತ್ತೆ ಆದ್ರೆ ಬೆಳಗ್ಗೆ ಹೊತ್ತು ಚೆನ್ನಾಗ್ ಕಾಣತ್ತೆ.

ಯೊಕೊಹಾಮ ಅಕ್ಕ: ಪಗೋಡಕ್ಕೆ 398 ಮೆಟ್ಲು, ಅಪ್ಪನ್ನ ಹತ್ತಿಸ್ಬೇಡಿ. ಓಶಿನೋ ಹಕ್ಕಾಯ್ ಸಮತಟ್ಟು, ಎಂಟು ಕೊಳ, ಫುಜಿ ಮೇಲಿನ ಹಿಮ ಕರಗಿ ಲಾವಾ ಪದರದೊಳಗೆ ಸೋಸ್ಕೊಂಡ್ ಬರೋ ನೀರು, ಎಷ್ಟು ತಿಳಿ ಅಂದ್ರೆ ಆಳ ಗೊತ್ತೇ ಆಗಲ್ಲ. ಐದನೇ ಸ್ಟೇಷನ್ 2300 ಮೀಟರ್ ಎತ್ತರ, ಜೂನಲ್ಲೂ ಸ್ವೆಟರ್ ಬೇಕು. ಅಲ್ಲಿ ನಿಂತ್ರೆ ನೀವೇ ಬೆಟ್ಟದ್ ಮೇಲಿರ್ತೀರ, ಫೋಟೋದಲ್ಲಿ ನೋಡಿರೋ ಆ ಆಕಾರ ಕಾಣಲ್ಲ, ಅದು ಕಾಣೋದು ದೂರದಿಂದ್ಲೇ.

ಊಟದ್ದು ಹುಷಾರು. ಅಲ್ಲಿನ ಫೇಮಸ್ ಹೋತೋ ನೂಡಲ್ಸು ಕುಂಬಳಕಾಯಿ ಹಾಕಿ ಥೇಟ್ ವೆಜ್ ಥರಾನೇ ಇರತ್ತೆ, ಆದ್ರೆ ಸಾರಿಗೆ ಸಾಮಾನ್ಯವಾಗಿ ದಶಿ ಅಂತ ಮೀನಿನ ಕಟ್ಟು ಹಾಕಿರ್ತಾರೆ. ಪುಳಿಯೋಗರೆ ಕಟ್ಕೊಂಡ್ ಹೋಗಿ.

ನನ್ ಕೇಳಿದ್ರೆ ಟೂರೇ ಬೇಡ. ಮೂರ್ನಾಲ್ಕು ದಿನ ಖಾಲಿ ಇಟ್ಕೊಳಿ, ಬೆಳಗ್ಗೆ ಎದ್ದು ಲೈವ್ ಕ್ಯಾಮೆರಾ ನೋಡಿ, ಕ್ಲಿಯರ್ ಇದ್ರೆ ಶಿಂಜುಕುದಲ್ಲಿ ಹೈವೇ ಬಸ್ ಹತ್ತಿ, ಎರಡು ಗಂಟೆ ಒಳಗೆ ಕವಗುಚಿ ಕೆರೆ. ಮಧ್ಯಾಹ್ನ ಆಗ್ತಾ ಮೋಡ ಮುಚ್ಕೊಳತ್ತೆ, ಟೂರ್ ಬಸ್ಸು ಊಟ ಶಾಪಿಂಗ್ ಅಂತ ಆ ಟೈಮಿಗೇ ತಂದ್ ನಿಲ್ಸತ್ತೆ.

ದಾವಣಗೆರೆ ಬೆಣ್ಣೆ: ಕ್ಯೋಟೋಗೂ ಹೋಗೋರಿದ್ರೆ ಶಿಂಕಾನ್ಸೆನ್ ಬುಲೆಟ್ ಟ್ರೇನಲ್ಲಿ ಬಲಗಡೆ ಇ ಸೀಟ್ ಹಿಡೀರಿ. ಟೋಕಿಯೋ ಬಿಟ್ಟು ಮುಕ್ಕಾಲು ಗಂಟೆಗೆ ಶಿನ್ ಫುಜಿ ಸ್ಟೇಷನ್ ಹತ್ರ ಬೆಟ್ಟ ಕಾಣತ್ತೆ, ಕಂಡ್ರೆ.

ಕಾಫಿಪುಡಿ: ಥ್ಯಾಂಕ್ಸ್ ಎಲ್ರಿಗೂ, ಟೂರ್ ಬುಕ್ ಮಾಡ್ತಿಲ್ಲ. ಅಕ್ಕ ಹೇಳಿದ್ ಲೈವ್ ಕ್ಯಾಮೆರಾ ಸ್ಕ್ರೀನ್‌ಶಾಟ್ ಅಮ್ಮಂಗೆ ಕಳ್ಸಿದೆ, ಪೂರ್ತಿ ಬಿಳಿ. "ಇದೇನೋ, ಹಾಲಿನ್ ಪಾತ್ರೆ ಫೋಟೋ ಯಾಕ್ ಕಳ್ಸಿದೀಯಾ" ಅಂತಿದಾರೆ.