ಪೋರ್ಟ್‌ಗೆ ‘ಕಿಂಡಿ’ ಅನ್ನಬಹುದೇ?

ನಮಸ್ಕಾರ,

ಕುಂದಾಪುರದ ಸುತ್ತಮುತ್ತ ಸಣ್ಣ ಅಂಗಡಿ, ಆಫೀಸುಗಳ ನೆಟ್‌ವರ್ಕ್ ಕೆಲಸ ಮಾಡಿಕೊಡುವವನು ನಾನು. ರೂಟರ್ ಪಕ್ಕದಲ್ಲಿ ಅಂಟಿಸಲು ಒಂದು ಪುಟದ ಸೂಚನೆ ಕನ್ನಡದಲ್ಲಿ ಬರೆಯಹೊರಟು ಪದಗಳಿಗೆ ತಡಕಾಡುತ್ತಿದ್ದೇನೆ.

ಮುಖ್ಯವಾದದ್ದು ಪೋರ್ಟ್, ಅಂದರೆ ನೆಟ್‌ವರ್ಕಿನಿಂದ ಕಂಪ್ಯೂಟರಿಗೆ ಒಳಬರುವ, ಸಂಖ್ಯೆಯಿಂದ ಗುರುತಿಸುವ ದಾರಿ. ಹೋದ ತಿಂಗಳು ಒಬ್ಬ ವ್ಯಾಪಾರಿಯ ಲೆಕ್ಕದ ಕಂಪ್ಯೂಟರಿಗೆ ಹೊರಗಿನವರು ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನುಗ್ಗಲು ನೋಡುತ್ತಿದ್ದರು. ಅಕೌಂಟೆಂಟ್ ಮನೆಯಿಂದಲೇ ಕೆಲಸ ಮಾಡಲಿ ಎಂದು ಯಾರೋ ರಿಮೋಟ್ ಡೆಸ್ಕ್‌ಟಾಪಿನ (ದೂರದಿಂದಲೇ ಕಂಪ್ಯೂಟರ್ ಬಳಸುವ ವ್ಯವಸ್ಥೆ) 3389ನೇ ಪೋರ್ಟನ್ನು ಇಡೀ ಲೋಕಕ್ಕೆ ತೆರೆದಿಟ್ಟಿದ್ದರು. ನಾನು ಫೋನಿನಲ್ಲಿ ಹೇಳುತ್ತಿದ್ದರೆ ಮಾಲೀಕರು ರೂಟರಿನ ಪುಟವನ್ನು ಬ್ರೌಸರಿನಲ್ಲಿ ಕನ್ನಡ ಮಾಡಿಕೊಂಡು ಓದುತ್ತಿದ್ದರು. ಪೋರ್ಟ್ ಅಲ್ಲಿ ಹಡಗಿನ ‘ಬಂದರು’ ಆಗಿಬಿಟ್ಟಿತ್ತು. “ಇಲ್ಲಿ ಬಂದರು ಅಂತ ಉಂಟಲ್ಲ ಮಾರಾಯ್ರೆ, ಗಂಗೊಳ್ಳಿಯದ್ದಾ?” ಎಂದರು. (ಗಂಗೊಳ್ಳಿ ನಮ್ಮ ಪಕ್ಕದ ಬಂದರು.)

ಹಡಗು ನಿಲ್ಲುವ ಪೋರ್ಟ್ ಲ್ಯಾಟಿನ್ನಿನ ‘ಪೋರ್ಟುಸ್’ನಿಂದ ಬಂದದ್ದು; ತೆರಪು ಎಂಬ ಅರ್ಥದ್ದು ‘ಪೋರ್ಟಾ’ದಿಂದ, ಅಂದರೆ ಬಾಗಿಲು. ಹಾಗೆಂದು ‘ದ್ವಾರ’ ಎನ್ನಲು ನನಗೆ ಮನಸ್ಸಿಲ್ಲ. 0ಯಿಂದ 65535ರವರೆಗೆ ಸಂಖ್ಯೆ ಹೊತ್ತ ಇವು ದ್ವಾರದಷ್ಟು ದೊಡ್ಡವೇ? ನಮ್ಮ ಕಡೆ ಕಿಂಡಿ ಅಣೆಕಟ್ಟು ಎಲ್ಲರಿಗೂ ಗೊತ್ತು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ತೆಗೆಯುತ್ತಾರೆ. ನೆಟ್‌ವರ್ಕಿಗೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಫೈರ್‌ವಾಲ್ ಮಾಡುವುದೂ ಹೆಚ್ಚುಕಡಿಮೆ ಅದೇ: ಯಾವ ಕಿಂಡಿಗೆ ಹಲಗೆ, ಯಾವುದಕ್ಕೆ ಬೇಡ. “3389ರ ಕಿಂಡಿಗೆ ಹಲಗೆ ಹಾಕಿ” ಎಂದಾಗ ಆ ಮಾಲೀಕರಿಗೆ ಮತ್ತೆ ವಿವರಣೆ ಬೇಕಾಗಲಿಲ್ಲ.

ಇನ್ನೊಂದು ಲಾಭವೂ ಇದೆ. ರೂಟರಿನ ಹಿಂದೆ ವೈರ್ ಚುಚ್ಚುವ ಜಾಗಕ್ಕೂ ಪೋರ್ಟ್ ಎಂದೇ ಹೆಸರು (ಅಂಗಡಿ ಹುಡುಗರ ಬಾಯಲ್ಲಿ ಅದು ‘ತೂತು’). ಸಂಖ್ಯೆಯದ್ದನ್ನು ಕಿಂಡಿ ಎಂದುಬಿಟ್ಟರೆ “80ನೇ ಪೋರ್ಟ್ ಎಲ್ಲಿದೆ, ನಾಲ್ಕೇ ಕಾಣ್ತವೆ” ಎಂಬ ಫೋನ್ ಕರೆಗಳು ನಿಂತಾವು.

ಫೈರ್‌ವಾಲ್ ಎಂಬ ಪದವನ್ನು ಹಾಗೇ ಇಟ್ಟಿದ್ದೇನೆ. ‘ಬೆಂಕಿಗೋಡೆ’ ಎಂದರೆ ಮಣ್ಣಿನ ಗೋಡೆ, ಕಲ್ಲುಗೋಡೆಯ ಹಾಗೆ ಬೆಂಕಿಯಿಂದಲೇ ಕಟ್ಟಿದ್ದು ಅನ್ನಿಸುತ್ತದೆ; ಮೂಲದಲ್ಲಿ ಅದು ಬೆಂಕಿ ಹಬ್ಬದಂತೆ ಕಟ್ಟಡಗಳಲ್ಲಿ ಹಾಕುವ ಗೋಡೆ. ಆದರೆ ಕಾಡಿನಲ್ಲಿ ಬೆಂಕಿ ತಡೆಯಲು ಎಳೆಯುವ ‘ಬೆಂಕಿ ರೇಖೆ’ಯನ್ನು ಯಾರೂ ಬೆಂಕಿಯ ಗೆರೆ ಎಂದುಕೊಳ್ಳುವುದಿಲ್ಲವಲ್ಲ, ಹಾಗಾಗಿ ನನ್ನ ಆಕ್ಷೇಪ ಗಟ್ಟಿಯೇನಲ್ಲ.

ನಿಜವಾಗಿ ಸಿಕ್ಕಿಬಿದ್ದಿರುವುದು ಫೈರ್‌ವಾಲ್ ತಡೆಯುವ ಎರಡು ಬಗೆಗಳಾದ ‘ರಿಜೆಕ್ಟ್’ ಮತ್ತು ‘ಡ್ರಾಪ್’ನಲ್ಲಿ. ಎರಡಕ್ಕೂ ‘ತಿರಸ್ಕರಿಸು’ ಎಂದರೆ ಕೆಲಸ ಕೆಡುತ್ತದೆ. ರಿಜೆಕ್ಟ್ ಆದರೆ ಬಂದವರಿಗೆ ‘ಇಲ್ಲ’ ಎಂಬ ಉತ್ತರ ಹೋಗುತ್ತದೆ, ಪರದೆಯ ಮೇಲೆ ಕೂಡಲೇ ದೋಷ ಕಾಣುತ್ತದೆ. ಡ್ರಾಪ್ ಆದರೆ ಉತ್ತರವೇ ಇಲ್ಲ. ಕಾದು ಕಾದು ಟೈಮ್‌ಔಟ್. ಬಿಲ್ ಪ್ರಿಂಟರಿನ 9100ನೇ ಕಿಂಡಿಯಿಂದ ತಟ್ಟನೆ ‘ಇಲ್ಲ’ ಬಂದರೆ ಆಚೆ ಯಾರೋ ಇದ್ದಾರೆ ಎಂದರ್ಥ, ವೈರ್ ಹುಡುಕುವ ಕೆಲಸ ತಪ್ಪುತ್ತದೆ. ಮೌನವಾದರೆ ವೈರ್, ಐಪಿ ವಿಳಾಸ, ಫೈರ್‌ವಾಲ್ ಮೂರನ್ನೂ ನೋಡಬೇಕು.

ಸದ್ಯಕ್ಕೆ ‘ವಾಪಸ್ ಕಳಿಸು’, ‘ನುಂಗಿಹಾಕು’ ಎಂದು ಬರೆದುಕೊಂಡಿದ್ದೇನೆ. “ಫೈರ್‌ವಾಲ್ ನುಂಗಿಹಾಕಿತು” ಎಂದರೆ ದುಡ್ಡು ನುಂಗಿದ ಹಾಗೆ ಕೇಳುತ್ತದೆಯೇ? ಮತ್ತೆ ಬಯಲುಸೀಮೆಯವರು ಹೇಳಿ: ನಿಮ್ಮಲ್ಲಿ ಕಿಂಡಿ ಎಂದರೆ ಹಲಗೆ ಹಾಕಿ ತೆಗೆಯುವಂಥದ್ದು ಎಂಬ ಭಾವ ಬರುತ್ತದೆಯೋ, ಕಳ್ಳ ನುಸುಳುವ ಸಂದಿ ಎಂದೋ?